ಪಕ್ಕದವನ ಕೈ

ಕಬಡ್ಡೀಲಿ ಮೂಲೆ ಕಾಯೋದು ಅಂದ್ರೆ ಎಲ್ರ ಕೈಲೂ ಆಗೋ ಕೆಲಸ ಅಲ್ಲ. ನಿಂಗರಾಜನ ಕೈಲಿ ಆಗ್ತಿತ್ತು.

ಅಂಥ ಹಿಡಿತ ಏಳು ಹೋಬಳೀಲಿ ಇನ್ನೊಬ್ಬನಿಗೆ ಇರಲಿಲ್ಲ. ಇತ್ತು ಅಂತ ಯಾರಾದ್ರೂ ಹೇಳಿದ್ರೆ ಅವ್ನು ಆಟಾನೇ ನೋಡಿಲ್ಲ, ಅಷ್ಟೆ.

ಹೊಳೆ ಮರಳಲ್ಲಿ ಕಲ್ತ. ಜಿಲ್ಲೆಗೆ ಆಡ್ದ, ರಾಜ್ಯಕ್ಕೆ ಆಡ್ದ, ಆಮೇಲೆ ಟೀವೀಲಿ ಬರೋ ದೊಡ್ಡ ಲೀಗಿಗೆ ಹೋದ. ಆರು ವರ್ಷ ಬಲಗಡೆ ಮೂಲೆ ಅವನ್ದೇ. ರೈಡಿಗೆ ಬಂದವನ ಕಣಕಾಲು ಇವನ ಕೈಗೆ ಸಿಕ್ತು ಅಂದ್ರೆ ಮುಗೀತು, ಆ ಗಂಡು ವಾಪಸ್ ಹೋಗಿ ಗೆರೆ ಮುಟ್ಟೋದಿಲ್ಲ.

ಏಳನೇ ವರ್ಷ ಒಬ್ಬನ ಮೊಣಕಾಲು ಇವನ ದವಡೆಗೆ ಬಿತ್ತು.

ದವಡೆ ಎರಡು ಕಡೆ ಮುರೀತು. ತಂತಿ ಹಾಕಿ ಬಾಯಿ ಕಟ್ಟಿದ್ರು. ಒಂದೂವರೆ ತಿಂಗಳು ಗಂಜಿ ಹೀರ್ಕೊಂಡು ಬದುಕ್ದ.

ಮೂಳೆ ಕೂಡ್ಕೊಂಡ್ತು. ಡಾಕ್ಟ್ರು ಆಡ್ಬಹುದು ಅಂದ್ರು. ನಿಂಗರಾಜ ಮ್ಯಾಟ್ ಮೇಲೆ ಹೋಗಿ ನಿಂತ. ನಿಂತ ಅಷ್ಟೆ.

ಮೂಲೆಯವನು ಪಕ್ಕದವನ ಕೈ ಹಿಡ್ಕೊಂಡು ನಿಲ್ಲೋದು. ರೈಡರ್ ಕಾಲು ಒಳಗೆ ಬಂತು ಅಂದ್ರೆ ಆ ಕೈ ಬಿಟ್ಟು ಕಾಲಿಗೆ ಬೀಳ್ಬೇಕು. ಯೋಚ್ನೆ ಮಾಡೋಕೆ ಪುರುಸೊತ್ತಿರಲ್ಲ.

ಇವ್ನು ಕೈ ಬಿಡ್ತಾನೇ ಇರಲಿಲ್ಲ. ಸಂತೇಲಿ ಅವ್ವನ ಕೈ ಹಿಡ್ಕೊಂಡ ಮಗು ಥರ ನಿಂತ್ಕೋತಿದ್ದ.

ಎದುರಿನ ಟೀಮಿನೋರಿಗೆ ವಾಸನೆ ಹೊಡೀತು. ಬಂದ ಬಂದವರೆಲ್ಲ ಇವನ ಮೂಲೆಗೇ ಬಂದು, ಮುಟ್ಕೊಂಡು ಹೋಗೋರು. ಕಬಡ್ಡಿ ಕಬಡ್ಡಿ ಅನ್ನೋ ಸದ್ದು ಹತ್ರ ಬಂದಂಗೆಲ್ಲ ಇವ್ನು ಪಕ್ಕದವನ ಕೈನ ಇನ್ನೂ ಬಿಗಿಯಾಗಿ ಹಿಡ್ಕೊಳ್ಳೋನು.

ಕೋಚು ಹತ್ತು ದಿನ ರಜ ಕೊಟ್ರು.

"ವಾಪಸ್ ಬಂದಾಗ್ಲೂ ಹಿಂಗೇ ನಿಂತ್ರೆ ಆ ಮೂಲೇಲಿ ಬೇರೆಯವನು ನಿಲ್ತಾನೆ" ಅಂದ್ರು. "ಆಮೇಲೆ ನೀನು ಊರಲ್ಲೇ ಇರಬಹುದು."

ನಿಂಗರಾಜನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಸೀದಾ ಹೊಳೆ ದಡಕ್ಕೆ ಬಂದ.

ಬೋರಯ್ಯ ಮೇಷ್ಟ್ರು ಮರಳಲ್ಲಿ ಕಾಲು ಚಾಚ್ಕೊಂಡು ಕೂತು ಎಲೆ ಅಡಿಕೆ ಜಗೀತಿದ್ರು. ಇವನಿಗೆ ಮೂಲೆ ಕಾಯೋದು ಕಲಿಸಿದೋರು ಅವರೇ. ಎಪ್ಪತ್ತೆರಡು ವಯಸ್ಸು. ಒಂದು ಕಾಲು ನೆಟ್ಟಗೆ ಮಡಚ್ತಿರಲಿಲ್ಲ.

"ಮೇಷ್ಟ್ರೇ, ಹೆದ್ರಿಕೆ ಆಯ್ತದೆ."

"ಯಾವಾಗ?"

"ಕಾಲು ಒಳಗೆ ಬಂದಾಗ."

"ಬರದೆ ಇದ್ದಾಗ?"

ನಿಂಗರಾಜ ಹೊಳೆ ಕಡೆ ನೋಡ್ದ.

"ಆಗ್ಲೂವೆ. ಊಟ ಮಾಡ್ತಿರ್ತೀನಿ, ದವಡೇಲಿ ಕಟಕ್ ಅಂತದೆ. ಕೈಲಿರೋ ತುತ್ತು ಬಿದ್ದೋಯ್ತದೆ."

"ಕೈ ಕೊಡು."

ನಾಡಿ ನೋಡ್ತಾರೇನೋ, ಏನಾದ್ರೂ ಮಂತ್ರ ಹೇಳ್ತಾರೇನೋ ಅಂತ ನಿಂಗರಾಜ ಕೈ ಕೊಟ್ಟ.

ಮೇಷ್ಟ್ರು ಆ ಕೈ ಹಿಡ್ಕೊಂಡು ಎದ್ದು ನಿಂತ್ರು. "ಈ ಕಾಲು ಸಾಯ್ಲಿ, ಒಬ್ಬನೇ ಏಳೋಕೇ ಬಿಡಲ್ಲ. ನಡಿ, ಮೂಲೆಗೆ ನಿಲ್ಲು."

ಹಿಮ್ಮಡೀಲಿ ಮರಳ ಮೇಲೆ ಗೆರೆ ಎಳೆದ್ರು. ಹೊನ್ನೇಶನ್ನ ಕೂಗಿದ್ರು. ಹೊನ್ನೇಶ ಅಂದ್ರೆ ಊರಿನ ಟ್ರ್ಯಾಕ್ಟರ್ ಓಡಿಸೋನು, ಊರಿಗೆಲ್ಲ ಅವನೇ ಜೋರಿನ ರೈಡರ್ರು. ಒಂದೊಂದು ತೊಡೆ ಒಂದೊಂದು ಒರಳುಕಲ್ಲು.

ಮೇಷ್ಟ್ರು ಪಕ್ಕಕ್ಕೆ ನಿಂತು ನಿಂಗರಾಜನ ಕೈ ಹಿಡ್ಕೊಂಡ್ರು. ಹೊನ್ನೇಶ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅಂತ ಬಂದ. ಕಾಲು ಒಳಗಿಟ್ಟ. ನಿಂಗರಾಜ ಕೈ ಬಿಡಲಿಲ್ಲ. ಹೊನ್ನೇಶ ಅವನ ಭುಜ ತಟ್ಟಿ ವಾಪಸ್ ಹೋದ.

"ಏನಣ್ಣ, ಟೀವೀಲಿ ಬರೋನು ನೀನೇನಾ, ಇಲ್ಲ ನಿನ್ ತಮ್ಮನಾ?"

"ಇನ್ನೊಂದು ಕಿತ" ಅಂದ್ರು ಮೇಷ್ಟ್ರು.

ಇನ್ನೊಂದು ಕಿತನೂ ಅಷ್ಟೆ. ಇಪ್ಪತ್ತು ಕಿತನೂ ಅಷ್ಟೆ.

ಹಿಂಗೆ ಎಂಟು ದಿನ ಆಯ್ತು. ಮೇಷ್ಟ್ರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು ನಿಂಗರಾಜನಿಗೆ.

"ಮೇಷ್ಟ್ರೇ, ನಾಳಿದ್ದು ನಾನು ಅಲ್ಲಿರ್ಬೇಕು. ಹೆದ್ರಿಕೆ ಹೋಗೋಕೆ ಏನಾದ್ರೂ ಹೇಳ್ಕೊಡಿ."

"ಕಣಕಾಲು ಹಿಡಿಯೋದು ಹೇಳ್ಕೊಟ್ಟಿದ್ದೆ. ನಂಗೆ ಬರೋದು ಅದೊಂದೇ."

ಒಂಬತ್ತನೇ ದಿನ ಬೆಳಿಗ್ಗೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿದ್ರು.

"ಇವತ್ತು ಪಕ್ಕಕ್ಕೆ ನೀನು ನಿಲ್ಲು. ಮೂಲೆ ನಂದು."

ನಿಂಗರಾಜ ಅಲ್ಲಾಡ್ಲಿಲ್ಲ. ಹೊನ್ನೇಶ ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಅಜ್ಜ, ನಿನ್ ಮೇಲೆ ನಾನು ಬಿದ್ರೆ ಊರೋರು ನನ್ನ ಸುಮ್ನೆ ಬಿಟ್ಟಾರಾ?"

"ಮೆತ್ತಗೆ ಬಂದ್ರೆ ನಾನೇ ಸುಮ್ನೆ ಬಿಡಲ್ಲ. ಬಾರ್ಲಾ."

ನಿಂಗರಾಜ ಮೇಷ್ಟ್ರ ಕೈ ಹಿಡ್ಕೊಂಡ. ಹಿಡ್ಕೊಂಡವನು ಬೆಚ್ಚಿಬಿದ್ದ.

ಆ ಕೈ ತಣ್ಣಗಿತ್ತು. ನೀರಿಂದ ತೆಗೆದ ಮೀನಿನ ಥರ ಒದ್ದೆ ಆಗಿ ಅದುರ್ತಿತ್ತು.

ಮುಖ ನೋಡ್ದ. ಮೇಷ್ಟ್ರು ಎಲೆ ಜಗೀತಾನೇ ಇದ್ರು.

ಹೊನ್ನೇಶ ಬಂದ. ಮರಳು ಸಿಡೀತು. ಆ ಮೊಣಕಾಲು ಮೇಷ್ಟ್ರ ಬಿಳೀ ಗಡ್ಡದ ಹತ್ರ ಬಂದಿದ್ದನ್ನ ನೋಡಿ ನಿಂಗರಾಜನ ದವಡೇಲಿ ಕಟಕ್ ಅಂತು. ಮೇಷ್ಟ್ರು ಮುಂದಕ್ಕೆ ಬಾಗಿದ್ರು. ನಿಂಗರಾಜ ಅವರ ಕೈ ಹಿಂದಕ್ಕೆ ಎಳೆದು ಹಿಡ್ಕೊಂಡ.

ಹೊನ್ನೇಶ ಮೇಷ್ಟ್ರನ್ನ ಮುಟ್ಟಿ ವಾಪಸ್ ಹೋದ.

"ಕೈ ಬಿಡೋಕೇನ್ಲಾ ನಿಂಗೆ?" ಅಂದ್ರು ಮೇಷ್ಟ್ರು.

"ಮೇಷ್ಟ್ರೇ, ನಿಮ್ ಕೈ ನಡುಗ್ತಾ ಅದೆ."

"ಅದಕ್ಕೂ ನಿಂಗೂ ಏನ್ ಸಂಬಂಧ? ಇನ್ನೊಂದು ಕಿತ."

"ಬ್ಯಾಡಿ ಮೇಷ್ಟ್ರೇ. ತಲೆಗೆ ಬಿದ್ರೆ ಹೋಗ್ಬಿಡ್ತೀರಾ."

"ನಂಗೂ ಹೋಗಿ ಬೀಳೋಕೆ ಇಷ್ಟ ಇಲ್ಲ ಕಣ್ಲಾ. ಆದ್ರೆ ಕಾಲು ಬಂತಲ್ಲ."

ಹೊನ್ನೇಶ ತಿರುಗಿ ಬಂದ. ಈ ಸಲ ನಿಂಗರಾಜ ಇನ್ನೂ ಬಿಗಿಯಾಗಿ ಹಿಡ್ದ. ಹಿಡಿದು ಏನು ಬಂತು, ಅಷ್ಟು ಬೆವರಿತ್ತು ಆ ಕೈ, ಸರಕ್ ಅಂತ ಜಾರ್ಕೊಂಡು ಹೋಯ್ತು.

ಮೇಷ್ಟ್ರು ಬಿದ್ರು. ಮೊಣಕಾಲು ಅವರ ಕಿವಿ ಸವರ್ಕೊಂಡು ಹೋಯ್ತು. ಹೊನ್ನೇಶನೂ ಬಿದ್ದ. ಮರಳು ಎದ್ದು ಇಬ್ರೂ ಕಾಣಲಿಲ್ಲ.



ಮರಳು ಇಳೀತು. ಮೇಷ್ಟ್ರು ಮುಖ ಕೆಳಗೆ ಮಾಡಿ ಮಲಗಿದ್ರು. ಎರಡೂ ಕೈಲಿ ಹೊನ್ನೇಶನ ಕಣಕಾಲಿತ್ತು.

"ಬಿಡಜ್ಜ" ಅಂದ ಹೊನ್ನೇಶ. ಅವನ ದನಿ ಅಳೋ ಹಂಗಿತ್ತು. "ಉಸಿರು ಹೋಗಿ ಯಾವ ಕಾಲ ಆಯ್ತು."

ಮೇಷ್ಟ್ರು ಹೊನ್ನೇಶನ ಹೆಗಲು ಹಿಡ್ಕೊಂಡು ಎದ್ದು ಗಡ್ಡ ಒದರಿದ್ರು. ಬಂದು ನಿಂಗರಾಜನ್ನ ಮೂಲೆಗೆ ನೂಕಿದ್ರು. ಪಕ್ಕ ನಿಂತು ಕೈ ಹಿಡ್ಕೊಂಡ್ರು. ಆ ಕೈ ಇನ್ನೂ ನಡುಗ್ತಿತ್ತು. ಇವನ್ದೂ ನಡುಗ್ತಿತ್ತು. ಯಾವುದು ಯಾರ ನಡುಕ ಅಂತ ಗೊತ್ತಾಗ್ತಿರಲಿಲ್ಲ.

ಕಬಡ್ಡಿ ಕಬಡ್ಡಿ ಅನ್ನೋ ಸದ್ದು ಹತ್ರ ಬಂತು.

ನಿಂಗರಾಜನ ದವಡೇಲಿ ತಂತಿ ಹಾಕಿದ ಜಾಗ ಹಂಗೇ ಉರೀತು. ಓಡಿ ಹೋಗ್ಬೇಕು ಅನ್ನಿಸ್ತು, ನಿಜವಾಗ್ಲೂ ಓಡೋಕೆ ಹಿಮ್ಮಡಿ ಎತ್ತಿದ್ದ.

ಕಾಲು ಬಂತು.

ಕೈ ಬಿಟ್ಟ.

ಮೊಣಕಾಲು ದವಡೆಗೇ ಬಿತ್ತು. ಕಣ್ಣು ಕತ್ತಲಾಯ್ತು. ಬಾಯಿ ತುಂಬ ಮರಳು.

ಹಂಗೇ ಮಲಗಿದ್ದ. ಬಾಯಿ ತೆಗೆಯೋಕೆ ಹೆದ್ರಿಕೆ. ತೆಗೆದ್ರೆ ದವಡೆ ಕೈಗೆ ಬಂದ್ಬಿಟ್ರೆ? ನಾಲಿಗೇಲಿ ಹಲ್ಲು ಒಂದೊಂದೇ ಸವರಿ ನೋಡ್ದ. ಮೆಲ್ಲಗೆ ಬಾಯಿ ತೆಗೆದ. ತೆಗೀತು.

ಆಮೇಲೆ ಗೊತ್ತಾಯ್ತು, ಕೈಲಿ ಹೊನ್ನೇಶನ ಕಾಲಿತ್ತು.

"ಒಬ್ರಿಗಿಂತ ಒಬ್ರು ಕೋತಿಗಳು" ಅಂತ ಗೊಣಗ್ಕೊಂಡು, ಕುಂಟ್ಕೊಂಡು, ಹೊನ್ನೇಶ ಮುಖ ತೊಳೆಯೋಕೆ ಹೊಳೆಗೆ ಹೋದ.

ಮೇಷ್ಟ್ರು ಪಕ್ಕಕ್ಕೆ ಬಂದು ಕೂತ್ರು.

"ಹೆದ್ರಿಕೆ ಹೋಯ್ತೇನ್ಲಾ?"

"ಇಲ್ಲ ಮೇಷ್ಟ್ರೇ. ಇನ್ನೂ ಜಾಸ್ತಿ ಆಯ್ತು."

"ಬಸ್ಸು ಎಷ್ಟೊತ್ತಿಗೆ?"

"ನಾಕೂವರೆಗೆ."

"ಹೋಯ್ತೀಯಾ?"

"ಹೋಯ್ತೀನಿ."

ನಿಂಗರಾಜ ಅಂಗೈಗೆ ಮೆತ್ಕೊಂಡಿದ್ದ ಮರಳು ಒರೆಸ್ಕೊಂಡ. ಹೋಗೋಕೆ ಎದ್ದವನು ಮತ್ತೆ ಕೂತ.

"ಮೇಷ್ಟ್ರೇ, ಚಿಕ್ಕೋನಿದ್ದಾಗ ನೀವು ಹಿಂಗೇ ಪಕ್ಕ ನಿಂತು ಕೈ ಹಿಡ್ಕೊಂಡು ಕಲಿಸ್ತಿದ್ರಿ. ಆಗ್ಲೂ ಕೈ ಹಿಂಗೇ ಒದ್ದೆ ಆಗಿರೋದು. ಅದು ನನ್ ಬೆವರೇ ಅನ್ಕೊಂಡಿದ್ದೆ ನಾನು."

ಮೇಷ್ಟ್ರು ಹೊಸ ಎಲೆಗೆ ಸುಣ್ಣ ಸವರ್ತಾ ಅಂದ್ರು,

"ನಾನೂ ನಿಂದೇ ಅನ್ಕೊಂಡಿದ್ದೆ ಕಣ್ಲಾ."