ಸೋಮವಾರ ಓಡಿದ ಬಂಡಿ

ಹಿಂದೊಮ್ಮೆ, ಮಳೆ ಬಿದ್ದರೆ ಇಟ್ಟ ಕಾಲು ಕೀಳಲಾಗದ ಎರೆಸೀಮೆಯಲ್ಲಿ ಒಂದು ಊರಿತ್ತು. ನನ್ನ ತವರಿನ ಆಚೆಯ ಊರು. ಅಲ್ಲಿ ಹಿಟ್ಟಿನ ಗಿರಣಿಯ ಗುರವ್ವ ಅಂತ ಒಬ್ಬಳಿದ್ದಳು. ಮೋಟರ್ ಸುಟ್ಟರೆ ತಾನೇ ಬಿಚ್ಚಿ ತಾನೇ ತಂತಿ ಸುತ್ತುವವಳು. ಅವಳು ಗದರಿದರೆ ಸಾಕು, ಕೆಟ್ಟ ಮೋಟರ್ ಎದ್ದು ಓಡುತ್ತಿತ್ತು ಅಂತಾರೆ.

ಆ ಊರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ, ದುಡಿದ ಎತ್ತಿಗೆ ಬಿಡುವು. ಒಳ್ಳೆಯ ಪದ್ಧತಿಯೇ. ಆದರೆ ಗುರವ್ವನ ತಂಗಿ ನಿಂಬೆವ್ವನಿಗೆ ಹೆರಿಗೆ ನೋವು ಬಂದದ್ದು ಸೋಮವಾರ. ಮಳೆ ಹಿಡಿದಿತ್ತು, ಟ್ರ್ಯಾಕ್ಟರ್ ಹೂತುಹೋಗಿತ್ತು. ಬಂಡಿ ಹೂಡಿರಿ ಅಂತ ಗುರವ್ವ ಮನೆಮನೆಯ ಬಾಗಿಲು ಬಡಿದಳು. ಯಾರೂ ಹೂಡಲಿಲ್ಲ. ಹೊರಸಿನ ಮೇಲೆ ಮಲಗಿಸಿ ಹೊತ್ತರು. ಡಾಂಬರು ರಸ್ತೆ ಕಾಣುವ ಮೊದಲೇ ನಿಂಬೆವ್ವ ತೀರಿಹೋದಳು. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ಅವಳ ಹಣೆಬರಹ ಅಂದರು ಹಿರಿಯರು. ಹಣೆಬರಹವಂತೆ!

ಗುರವ್ವ ಅಳಲಿಲ್ಲ ಅಂತಾರೆ. ಸುಳ್ಳು, ಅತ್ತಳು. ಅಳುತ್ತಲೇ ಗುಜರಿಯಿಂದ ಕಬ್ಬಿಣದ ಪೈಪು ತಂದಳು, ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ತಂದಳು, ಕೆಟ್ಟುನಿಂತ ಕರೆಂಟಿನ ಆಟೊದ ಮೋಟರ್ ತಂದಳು. ಗಿರಣಿಯ ಹಿಂದೆ ನಾಲ್ಕು ಚಕ್ರದ ಬಂಡಿ ಕಟ್ಟತೊಡಗಿದಳು. ಊರ ಮಲ್ಲನಗೌಡ ದಿನಾ ಬಂದು ಕೆಣಕುತ್ತಿದ್ದ.

"ಏನವಾ ಗುರವ್ವಾ, ಎತ್ತಿಲ್ಲದ ಬಂಡಿಗೆ ಮೇವು ಏನ ಹಾಕ್ತಿ?"

"ನಿಮ್ಮಂಥಾರ ಮಾತ ಹಾಕ್ತೀನ್ರಿ ಮಾವಾರ. ಊರಾಗ ಅದಕೇನು ಬರ ಇಲ್ಲ."

ಬ್ಯಾಟರಿಯ ನೀರು ಬಿದ್ದು ಸೀರೆ ತೂತಾಯಿತು, ಬೆರಳು ಸುಟ್ಟವು. ಮೊದಲ ಸಲ ಓಡಿಸಿದಾಗ ಚಕ್ರಕ್ಕೆ ಕರಿಮಣ್ಣು ನಾದಿದ ಹಿಟ್ಟಿನಂತೆ ಮೆತ್ತಿ ಬಂಡಿ ನಿಂತೇಬಿಟ್ಟಿತು. ಆಗ ಹೊಲ ಹರಗುವ ಹಳೆಯ ಕುಂಟೆಯ ಕಬ್ಬಿಣ ಕತ್ತರಿಸಿ ಒಂದೊಂದು ಚಕ್ರದ ಹಿಂದೆಯೂ ಒಂದೊಂದು ಪಟ್ಟಿ ಕಟ್ಟಿದಳು. ಚಕ್ರ ತಿರುಗಿದಂತೆ ಪಟ್ಟಿ ಮಣ್ಣು ಹೆರೆಯಿತು. ಬಂಡಿ ಕೆಸರಲ್ಲಿ ಮೊಲದ ಹಾಗೆ ಓಡಿತು. ಹಳ್ಳ ಹಾರಿತು ಅಂತಾರೆ. ಹಾರಲಿಲ್ಲ, ದಾಟಿತು. ದಾಟಿದ್ದು ಸಾಲದೇ?

ಊರು ಬೆರಗಾಯಿತು. ಕಾರಹುಣ್ಣಿಮೆಯ ದಿನ ಎತ್ತುಗಳ ಸಾಲಿನಲ್ಲೇ ಆ ಬಂಡಿಯನ್ನೂ ನಿಲ್ಲಿಸಿ ವಿಭೂತಿ ಬಳಿದರು, ಗೆಜ್ಜೆ ಕಟ್ಟಿದರು, ಮುಂದಿನ ಪೈಪುಗಳಿಗೆ ಎತ್ತಿನ ಕೊಂಬಿನ ಹಿತ್ತಾಳೆ ಕೊಡಣಸು ತೊಡಿಸಿದರು. ಗೌಡನೇ ಆರತಿ ಎತ್ತಿದ. ಗುರವ್ವನ ಕಣ್ಣು ತುಂಬಿತು. ಊರು ಕೊನೆಗೂ ಒಪ್ಪಿತಲ್ಲ ಅಂದುಕೊಂಡಳು, ಪಾಪ.

ಆಮೇಲೆ ಬಂತು ಒಂದು ಮಳೆಯ ಸೋಮವಾರ. ಕುರುಬರ ಮಾಳವ್ವನಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ತಿರುಗಿದೆ. ಗುರವ್ವ ಬಂಡಿ ತೆಗೆದರೆ ಗೌಡ ಅಡ್ಡ ನಿಂತ.

"ಇವತ್ತ ಹೂಡಬಾರದವಾ. ಬಸವಣ್ಣನ ವಾರ."

"ಹೂಡಾಕ ಇದೇನ ಎತ್ತೇನ್ರಿ?"

"ಎತ್ತಿನಂಗ ಪೂಜಿ ಮಾಡೀವಲ್ಲ, ಈಗ ಅದೂ ಬಸವಣ್ಣ ಆಗೇತಿ."

ಕೇಳಿದಿರಾ? ಸೋಮವಾರಕ್ಕೆಂದೇ ಕಟ್ಟಿದ ಬಂಡಿ! ಕೈಮುಗಿದೇ ಅದನ್ನು ಕೊಟ್ಟಿಗೆಗೆ ಕಟ್ಟಿಹಾಕಿದ್ದರು. ಬೈದಿದ್ದರೆ ತಡೆಯುತ್ತಿದ್ದಾರೆ ಅಂತ ಗುರವ್ವನಿಗೆ ಆಗಲೇ ತಿಳಿಯುತ್ತಿತ್ತು.

ಅವಳು ಸೆರಗಿನಿಂದ ವಿಭೂತಿ ಒರೆಸಿದಳು. ಗೆಜ್ಜೆ ಹರಿದಳು. ಕೊಡಣಸು ಕಿತ್ತು ಗೌಡನ ಕಾಲಬುಡಕ್ಕೆ ಎಸೆದಳು.

"ತಗೊಳ್ರಿ ನಿಮ್ಮ ಬಸವಣ್ಣನ್ನ. ನನ್ನ ಕಬ್ಬಿಣ ನನಗ ಬಿಡ್ರಿ. ಪಾಪ ಬಂದರ ನನಗ ಬರಲಿ, ನನ್ನ ತಂಗಿ ಸತ್ತ ಪಾಪ ನೀವ ಹಂಚಿಕೊಳ್ರಿ."

ಗೌಡ ಸರಿದು ನಿಂತ. ಮಾಳವ್ವ ಆಸ್ಪತ್ರೆ ಮುಟ್ಟಿದಳು, ತಾಯಿ ಮಗು ಇಬ್ಬರೂ ಉಳಿದರು.

ಈಗ ಕೆಲವರು ಬೇರೆಯೇ ಹೇಳುತ್ತಾರೆ. ಆ ದಿನ ಬಸವಣ್ಣನೇ ಮೋಟರಿನೊಳಗೆ ಹೊಕ್ಕು ಎಳೆದನಂತೆ. ಎಂಥ ಬಾಯಿ ಇವರದು! ಸುಟ್ಟ ಬೆರಳು ಯಾರದು ಹಾಗಾದರೆ?

ಆ ಊರಿನ ಗಿರಣಿಯ ಹಿಂದೆ ಇವತ್ತಿಗೂ ಅಂಥದೊಂದು ಬಂಡಿ ಬ್ಯಾಟರಿ ತುಂಬಿಕೊಂಡು ನಿಂತಿರುತ್ತದೆ. ಕಾರಹುಣ್ಣಿಮೆಗೆ ಎತ್ತಿಗೆ, ಟ್ರ್ಯಾಕ್ಟರಿಗೆ, ಸೈಕಲ್ಲಿಗೂ ಪೂಜೆ ಉಂಟು, ಅದಕ್ಕಿಲ್ಲ. ತಿಳಿಯದ ಸೊಸೆ ಯಾರಾದರೂ ಹೂವು ತಂದರೆ ಮುದುಕಿಯರು ಕೈ ಹಿಡಿದು ತಡೆಯುತ್ತಾರೆ:

"ಏರಿಸಬ್ಯಾಡವಾ ತಂಗಿ, ಸೋಮವಾರ ಓಡಬೇಕೈತಿ ಅದು."