ಮುಳುಗದ ಸೂರ್ಯನೂ ತಾಂಡೇಲನ ಮಾತೂ

"ಗುರುಗಳೇ, ಒಪ್ಪಿಕೊಂಡ ಕೆಲಸವನ್ನು ನಡುವೆ ಇನ್ನೊಬ್ಬರ ಕೈಗೆ ಕೊಟ್ಟರೆ ಮಾತು ತಪ್ಪಿದ ಹಾಗಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಹಬ್ಬದ ಅಡುಗೆಯ ಹೊಣೆ ಹೊತ್ತು ಅವನಿಗೆ ಮೂರು ದಿನವಾಗಿತ್ತು. ನೆರವಿಗೆ ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದ್ದ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಸೌಟು ಹಾಗೆಯೇ ಇತ್ತು.

"ಕೂತುಕೋ" ಎಂದರು ಗುರುಗಳು. "ಸೌಟು ಬಿಡಲು ಮನಸ್ಸಿಲ್ಲದಿದ್ದರೆ ಹಿಡಿದುಕೊಂಡೇ ಕೂತುಕೋ. ಒಂದು ಕತೆ ಇದೆ."

ಹೊನ್ನಾವರದ ಕಡೆ ಒಬ್ಬ ತಾಂಡೇಲನಿದ್ದ. ದೋಣಿಯ ಮುಖ್ಯಸ್ಥನನ್ನು ಅಲ್ಲಿ ಹಾಗೆನ್ನುತ್ತಾರೆ. ನಲವತ್ತು ವರ್ಷ ಕಡಲಿನಲ್ಲಿ ಕಳೆದವನು. ಆಡಿದ ಮಾತು ಒಮ್ಮೆಯೂ ತಪ್ಪಿದವನಲ್ಲ. ಅದೊಂದೇ ಅವನ ಆಸ್ತಿ ಎನ್ನು. ಭೂಮಿಯ ಬಡಗಣ ನೀರನ್ನು ಒಮ್ಮೆ ನೋಡಬೇಕೆಂಬ ಹುಚ್ಚು ಹತ್ತಿ, ಊರಿನ ಮೂವರನ್ನು ಕಟ್ಟಿಕೊಂಡು ಬೇಸಿಗೆಯಲ್ಲಿ ನಾರ್ವೆ ದೇಶಕ್ಕೆ ಹೋದ. ಅಲ್ಲೊಂದು ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದ. ದಡದ ಗುಂಟ ಉತ್ತರಕ್ಕೆ ಹೋಗಿ, ದೂರದ ಒಂದು ದ್ವೀಪದ ದೀಪಸ್ತಂಭವನ್ನು ಮುಟ್ಟಬೇಕು, ಇಷ್ಟೇ ಆಸೆ. ಮೂವರಲ್ಲಿ ಇಬ್ಬರು ಹಾಯಿ ನೋಡಿಕೊಳ್ಳುವ ಅಣ್ಣತಮ್ಮಂದಿರು. ಇನ್ನೊಬ್ಬಳು ಮಾದೇವಿ. ಅಡುಗೆಗೆಂದು ಬಂದವಳು, ಆದರೆ ಅಪ್ಪನ ದೋಣಿಯನ್ನು ಹತ್ತು ವರ್ಷ ನಡೆಸಿದವಳು.

ಹೊರಡುವಾಗ ತಾಂಡೇಲ ಚುಕ್ಕಾಣಿಗೆ ಕೈಮುಗಿದು, "ಸೂರ್ಯ ಮುಳುಗುವವರೆಗೆ ಇದು ನನ್ನದು. ಮುಳುಗಿದ ಮೇಲೆ ನಿಮ್ಮದು" ಎಂದ. ಅವನ ಅಪ್ಪನ ಕಾಲದ ಕಟ್ಟಳೆ ಅದು.

ಮೊದಮೊದಲು ಸರಿಹೋಯಿತು. ಆದರೆ ಉತ್ತರಕ್ಕೆ ಹೋದ ಹಾಗೆಲ್ಲ ಹಗಲು ಬೆಳೆಯಿತು. ಒಂಬತ್ತನೆಯ ದಿನ ಸೂರ್ಯ ನೀರಿನ ಅಂಚಿನವರೆಗೆ ಇಳಿದ, ಮುಳುಗಲಿಲ್ಲ, ಹಾಗೇ ಹೊರಳಿ ಮತ್ತೆ ಮೇಲಕ್ಕೆ ಹೊರಟ. ಆ ಸೀಮೆಯ ಬೇಸಿಗೆಯೇ ಹಾಗೆ. ತಾಂಡೇಲ ಅದನ್ನು ಕೇಳಿದ್ದ, ನಂಬಿರಲಿಲ್ಲ.

ಅಣ್ಣತಮ್ಮಂದಿರು ಬಿದ್ದು ಬಿದ್ದು ನಕ್ಕರು. "ತಾಂಡೇಲರೇ, ಇನ್ನು ನಿಮ್ಮ ಪಾಳಿ ಮುಗಿಯೋದು ಗಣೇಶ ಚೌತಿಗೇ ಸೈ!"

"ಆಡಿದ್ದು ಆಡಿದ್ದೇ" ಎಂದ ತಾಂಡೇಲ. ಚುಕ್ಕಾಣಿ ಬಿಡಲಿಲ್ಲ.

ಎರಡು ದಿನ ಕಳೆಯಿತು. ಗಾಳಿ ಬೇಕಾದ ಕಡೆಗೇ ಬೀಸುತ್ತಿತ್ತು. ಈಗ ನಿಲ್ಲಿಸಿದರೆ ಅದು ಮತ್ತೆ ಸಿಗುವ ಭರವಸೆಯಿರಲಿಲ್ಲ. ದೀಪಸ್ತಂಭಕ್ಕೆ ಇನ್ನು ಅರ್ಧ ದಿನದ ದಾರಿ. ದಾರಿಯ ತುಂಬ ಬಂಡೆಗಳು. ತಾಂಡೇಲನಿಗೆ ಒಂದು ಬಂಡೆ ಎರಡಾಗಿ ಕಾಣತೊಡಗಿತು. ಕೈ ಜೋಮು ಹಿಡಿಯಿತು. ಚುಕ್ಕಾಣಿ ಕೊಟ್ಟರೆ ನಲವತ್ತು ವರ್ಷದ ಮಾತು ಹೋಯಿತು. ಕೊಡದಿದ್ದರೆ ನಾಲ್ಕು ಜೀವ. ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬೆರಳು ಸಡಿಲವಾಗಲಿಲ್ಲ. ಅಷ್ಟರಲ್ಲಿ ದೋಣಿಯ ಅಡಿ ಬಂಡೆಯೊಂದನ್ನು ಸವರಿ ಕರಕರ ಎಂದಿತು.

ಮಾದೇವಿ ಗಂಜಿಯ ಪಾತ್ರೆ ಕೆಳಗಿಟ್ಟು ಬಂದಳು. ವಾದಿಸಲಿಲ್ಲ. ತಾಂಡೇಲನ ಉಣ್ಣೆಯ ಟೊಪ್ಪಿಗೆಯನ್ನು ಎರಡೂ ಕೈಯಿಂದ ಹಿಡಿದು ಅವನ ಮೂಗಿನವರೆಗೆ ಎಳೆದಳು.

"ಮುಳುಗ್ತು ನೋಡಿ, ತಾಂಡೇಲರೇ!"

ಟೊಪ್ಪಿಗೆಯೊಳಗೆ ಕತ್ತಲು. ಎಷ್ಟೋ ದಿನದ ಮೇಲೆ ಕಂಡ ಕತ್ತಲು. ತಾಂಡೇಲನಿಗೆ ನಗು ತಡೆಯಲಾಗಲಿಲ್ಲ.

"ಹೌದು ಮಾರಾಯ್ತಿ, ಮುಳುಗಿತು! ನಾನೇ ಸಾಕ್ಷಿ" ಎಂದು ನಗುತ್ತ ಚುಕ್ಕಾಣಿಯನ್ನು ಅವಳ ಕೈಗಿಟ್ಟ. ಅಲ್ಲೇ ಹಗ್ಗದ ಸುರುಳಿಗೆ ಒರಗಿದವನು ಗೊರಕೆ ಹೊಡೆದ.

ಅವನನ್ನು ಎಬ್ಬಿಸಿದ್ದು ಕೇಕೆ. ಟೊಪ್ಪಿಗೆ ಮೇಲಕ್ಕೆ ಸರಿಸಿದ. ಬಂಡೆಗಳೆಲ್ಲ ಹಿಂದೆ ಉಳಿದಿದ್ದವು. ದೀಪಸ್ತಂಭ ಎದುರಿಗೇ ನಿಂತಿತ್ತು. ಅಣ್ಣತಮ್ಮಂದಿರು ಕುಣಿಯುತ್ತಿದ್ದರು. "ಬೆಳಗಾಯ್ತು, ಹಿಡೀರಿ ನಿಮ್ಮ ಚುಕ್ಕಾಣಿ" ಎಂದು ಮಾದೇವಿ ಸರಿದು ನಿಂತಳು. ಕೊನೆಯ ನೂರು ಮಾರು ದೋಣಿಯನ್ನು ತಾಂಡೇಲನೇ ನಡೆಸಿದ. ನಾಲ್ವರೂ ದಡಕ್ಕೆ ಹಾರಿ, ಓಡಿ ಹೋಗಿ, ಆ ಬಿಳಿಯ ಗೋಡೆಗೆ ಎಂಟು ಅಂಗೈಗಳನ್ನೂ ಒಟ್ಟಿಗೇ ಒತ್ತಿ, ಹೊನ್ನಾವರಕ್ಕೇ ಕೇಳಿಸುವಂತೆ ಕೂಗಿದರು.

ಶಿಷ್ಯ ಇನ್ನೂ ಸೌಟು ಬಿಟ್ಟಿರಲಿಲ್ಲ. "ತಾಂಡೇಲನ ಮಾತು ಬೇರೆ, ಗುರುಗಳೇ. ಅವನೇನು ಮಾಡಬೇಕು? ಅಲ್ಲಿ ಸೂರ್ಯ ಮುಳುಗಲೇ ಇಲ್ಲವಲ್ಲ" ಎಂದ.

ಗುರುಗಳು ಅವನ ಕೈಯಿಂದ ಸೌಟು ತೆಗೆದುಕೊಂಡು ಹೇಳಿದರು: "ಇಲ್ಲಿ ಮೂರು ಸಲ ಮುಳುಗಿದ, ಮಗು."