ಕಾಗದ ಮುಗಿದರೂ ಸದ್ದು ನಿಲ್ಲಲಿಲ್ಲ

ಹೊಳೆಯ ದಂಡೆಯ ಮೇಲೆ ನೀರಿನ ಮಟ್ಟ ಅಳೆಯುವ ಒಂದು ಸಣ್ಣ ಕಟ್ಟಡವಿತ್ತು. ಒಂದೇ ಕೋಣೆ, ಒಂದೇ ಬಾಗಿಲು. ಒಳಗೊಂದು ಯಂತ್ರ. ಹತ್ತು ನಿಮಿಷಕ್ಕೊಮ್ಮೆ ಅದು ಕಿರ್ರೆಂದು ಸದ್ದು ಮಾಡಿ, ನೀರೆಷ್ಟು, ವೇಳೆ ಎಷ್ಟು ಎಂದು ಕಾಗದದ ಸುರುಳಿಯ ಮೇಲೆ ಮುದ್ರಿಸುತ್ತಿತ್ತು. ನೀರು ಏರತೊಡಗಿದರೆ ನಿಮಿಷಕ್ಕೊಮ್ಮೆ ಮುದ್ರಿಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಇರಸಂಗಪ್ಪ.

ಅವನಿಗೆ ಕೆಲಸ ಕಲಿಸಿದವರು ಹುಸೇನಸಾಬರು. ನಿವೃತ್ತರಾಗುವ ದಿನ ಅವರು ಯಂತ್ರದ ಮುಚ್ಚಳ ತೆಗೆದು ತೋರಿಸಿದರು.

"ನೋಡಪಾ, ಸುರುಳಿ ಮುಗಿಯಾಕ ಬಂದಾಗ ಕಾಗದದ ಎರಡೂ ಅಂಚಿಗೆ ಕೆಂಪು ಗೆರಿ ಬರ್ತೈತಿ. ಕಂಡ ಗಳಿಗೀಗೆ ಹೊಸಾ ಸುರುಳಿ ಹಾಕು. ಇದು ಹಳೇ ಮಷಿನ್. ಕಾಗದ ಮುಗದ್ರೂ ಇದಕ್ಕ ಗೊತ್ತಾಗೂದಿಲ್ಲ, ಸದ್ದು ಮಾಡ್ತಾನ ಇರ್ತೈತಿ."

ಇರಸಂಗಪ್ಪ ತಲೆಯಾಡಿಸಿದ. ಮೊದಲ ಸಲ ಕೆಂಪು ಗೆರೆ ಕಂಡಾಗ ಹೇಳಿದಂತೆಯೇ ಮಾಡಿದ. ತೆಗೆದ ಸುರುಳಿಯಲ್ಲಿ ಇನ್ನೂ ಎರಡು ಮಾರು ಕಾಗದ ಉಳಿದಿತ್ತು. ಅದನ್ನು ಎಸೆಯಲು ಅವನಿಗೆ ಮನಸ್ಸಾಗಲಿಲ್ಲ. ಎರಡನೆಯ ಸಲ ಒಂದು ದಿನ ತಡೆದ. ಏನೂ ಆಗಲಿಲ್ಲ. ಮೂರನೆಯ ಸಲ ಎರಡು ದಿನ ತಡೆದ. ಆಗಲೂ ಏನೂ ಆಗಲಿಲ್ಲ. ಕಡೆಕಡೆಗೆ, ಕೊನೆಯ ಗೇಣು ಕಾಗದದವರೆಗೂ ಎಳೆದು ಬಳಸುವುದೇ ಅವನಿಗೆ ಒಂದು ಹೆಮ್ಮೆಯಾಯಿತು. "ಸಾಬರು ಅಂಜಬುರುಕರು" ಎಂದು ಒಬ್ಬನೇ ನಕ್ಕ.

ಆ ಕಟ್ಟಡದಿಂದ ಮೂರು ಮೈಲಿ ಕೆಳಗೆ, ಬೇಸಿಗೆಯಲ್ಲಿ ಹೊಳೆ ಸೊರಗಿ ಮರಳು ಬಿದ್ದಾಗ, ಕೆಲವರು ಆ ಮರಳಿನಲ್ಲೇ ಕಲ್ಲಂಗಡಿ ಬೆಳೆಯುತ್ತಿದ್ದರು. ಅವರಲ್ಲಿ ದ್ಯಾಮವ್ವ ಮತ್ತು ಅವಳ ಗಂಡ ಭರಮಪ್ಪ ಇದ್ದರು. ಮೇಲಿನ ಗುಡ್ಡಗಳಲ್ಲಿ ಮಳೆಯಾದರೆ ಇಲ್ಲಿ ಸುಡು ಬಿಸಿಲಿದ್ದಾಗಲೂ ಹೊಳೆ ಬರುವುದುಂಟು. ಅದಕ್ಕೇ ದ್ಯಾಮವ್ವ ದಿನಾ ಇರಸಂಗಪ್ಪನಿಗೆ ಫೋನು ಮಾಡಿ ಕೇಳುತ್ತಿದ್ದಳು. ಅವನು ಕಾಗದ ನೋಡಿ ಹೇಳುತ್ತಿದ್ದ. ಆ ಮಾತಿನ ಮೇಲೆ ಅವರು ಮರಳಿಗೆ ಇಳಿಯುತ್ತಿದ್ದರು.

ಒಂದು ದಿನ ಮಧ್ಯಾಹ್ನ. ಕೆಂಪು ಗೆರೆ ಬಂದು ಎರಡು ದಿನವಾಗಿತ್ತು. ಬಿಸಿಲಿನ ಝಳಕ್ಕೆ ಬಾಗಿಲು ಮುಚ್ಚಿಕೊಂಡು ಇರಸಂಗಪ್ಪ ಬೆಂಚಿನ ಮೇಲೆ ಅಡ್ಡಾಗಿದ್ದ. ಯಂತ್ರ ಕಿರ್ರೆಂದಿತು. ಅವನು ಮಲಗಿದಲ್ಲಿಂದಲೇ ಕತ್ತೆತ್ತಿ ನೋಡಿದ. ಯಂತ್ರದ ಬಾಯಲ್ಲಿ ತೂಗುತ್ತಿದ್ದ ಕಾಗದದ ಮೇಲೆ 0.40 ಮೀಟರ್ ಎಂದಿತ್ತು. ತಿಂಗಳಿಂದ ನೀರು ಅಷ್ಟೇ ಇತ್ತು. ಅವನು ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಬಂತು. ಮತ್ತೆ ಬಂತು. ಈಗ ಹತ್ತು ನಿಮಿಷ ಕಾಯಲಿಲ್ಲ. ಕಿರ್ರ್, ಒಂದು ಗಳಿಗೆ ಮೌನ, ಕಿರ್ರ್. ಅವನು ನೋಡಿದ. 0.40. "ಬಿಸಿಲಿಗೆ ಮಷಿನಿನ ತಲಿ ಕೆಟ್ಟೈತಿ" ಎಂದು ಗೊಣಗಿದ.

ಹೊರಗೆ ಏನೋ ಕಡಿಮೆಯಾದಂತೆ ಅವನಿಗೆ ಅನ್ನಿಸಿತು. ಬಹಳ ಹೊತ್ತು ಯೋಚಿಸಿದ ಮೇಲೆ ತಿಳಿಯಿತು: ಬೆಳಗಿನಿಂದ ಕೂಗುತ್ತಿದ್ದ ಟಿಟ್ಟಿಭ ಹಕ್ಕಿಗಳು ಸುಮ್ಮನಾಗಿದ್ದವು. ಒಂದೂ ಇರಲಿಲ್ಲ. ಕೋಣೆಯ ಗೋಡೆ ಮುಟ್ಟಿದರೆ ಬಿಸಿ. ಆದರೂ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂದು ಅವನ ಕಾಲು ಸವರಿಕೊಂಡು ಹೋಯಿತು.

ಆಗ ಫೋನು ಬಂತು.

"ಅಣ್ಣಾರ, ನಾನ್ರೀ ದ್ಯಾಮವ್ವ. ಹೊಳಿ ಹೆಂಗೈತ್ರಿ?"

"ಇದ್ದಷ್ಟ ಐತಿ ತಂಗಿ. ಯಾಕ?"

"ಹಸೀ ಮಣ್ಣಿನ ವಾಸನಿ ಬರಾಕತ್ತೈತ್ರಿ. ಮ್ಯಾಲ ನೋಡಿದ್ರ ಒಂದು ಮೋಡ ಇಲ್ಲ. ನಾಯಿ ಆಗಲೇ ದಂಡಿ ಏರಿ ನಿಂತೈತಿ, ಕರದ್ರ ಬರವಲ್ದು. ನನಗ್ಯಾಕೋ ಅಂಜಿಕಿ ಬರ್ತೈತಿ. ನಾವೂ ಮ್ಯಾಲ ಹೋಗೂಣೇನ್ರಿ?"

ಇರಸಂಗಪ್ಪ ಕಾಗದದ ಕಡೆ ನೋಡಿದ. 0.40.

"ಏನೂ ಇಲ್ಲಬೇ. ಮಷಿನ್ ನನ್ನ ಕಣ್ಣಮುಂದ ಐತಿ. ನಿಶ್ಚಿಂತಿಂದ ಇರ್ರಿ."

ಅವಳು ಆಚೆ ತಿರುಗಿ ಗಂಡನಿಗೆ ಹೇಳಿದ್ದು ಅವನಿಗೆ ಕೇಳಿಸಿತು: "ಏನೂ ಇಲ್ಲಂತ. ಮಲಗ್ರಿ."

ಫೋನು ಇಟ್ಟ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಕಿರ್ರ್, ಕಿರ್ರ್ ಎಂಬ ಆ ಸದ್ದು ಯಾರೋ ಹಲ್ಲು ಕಡಿದಂತೆ ಕೇಳುತ್ತಿತ್ತು. ಅಷ್ಟು ಸಲ ಸದ್ದಾದರೂ ತೂಗುವ ಕಾಗದ ಮಾತ್ರ ಉದ್ದವಾಗಿರಲಿಲ್ಲ. ಅವನು ಎದ್ದು ಹತ್ತಿರ ಹೋದ. ಅಂಕಿಯ ಕೆಳಗೆ ಸಣ್ಣದಾಗಿ ಮುದ್ರಿಸಿದ ವೇಳೆ ಓದಿದ. ಹನ್ನೊಂದು ಇಪ್ಪತ್ತು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಇಪ್ಪತ್ತು ನಿಮಿಷವಿತ್ತು.

ಮುಚ್ಚಳ ಎತ್ತಿದ. ಒಳಗೆ ಬರಿಯ ರಟ್ಟಿನ ಕೊಳವೆ ತಿರುಗುತ್ತಿತ್ತು. ಕಾಗದವಿಲ್ಲದ ಜಾಗದಲ್ಲಿ ಯಂತ್ರ ಒಂದೇ ಸಮನೆ ಮುದ್ರಿಸುತ್ತಿತ್ತು. ಕಳೆದ ಎಂಬತ್ತು ನಿಮಿಷದಲ್ಲಿ ಅದು ಏನು ಹೇಳಿತ್ತೋ, ಓದುವುದಕ್ಕೆ ಒಂದಕ್ಷರವೂ ಇರಲಿಲ್ಲ.

ಅವನು ಬಾಗಿಲು ತೆರೆದ. ಬಿಸಿಲು ಹಾಗೆಯೇ ಇತ್ತು, ಆಕಾಶ ಶುಭ್ರವಾಗಿತ್ತು. ಅದರ ಕೆಳಗೆ, ಬೆಳಿಗ್ಗೆ ಮರಳಿದ್ದಲ್ಲಿ, ಕೆಂಪು ನೀರು ದಂಡೆಯಿಂದ ದಂಡೆಗೆ ತುಂಬಿ ಸದ್ದಿಲ್ಲದೆ ಸರಿಯುತ್ತಿತ್ತು. ಬುಡಸಮೇತ ಕಿತ್ತ ಒಂದು ಜಾಲಿಮರ ಅದರ ಮೇಲೆ ನೆಟ್ಟಗೆ ನಿಂತುಕೊಂಡೇ ತೇಲಿಹೋಯಿತು.

ದ್ಯಾಮವ್ವನಿಗೆ ಫೋನು ಮಾಡಿದ. ಯಾರೋ ಎತ್ತಿದರು. ಆ ಕಡೆಯಿಂದ ಮನುಷ್ಯರ ದನಿ ಬರಲಿಲ್ಲ. ದೂರದಲ್ಲಿ ನೂರು ಬಂಡಿಗಳು ಒಟ್ಟಿಗೆ ಜಲ್ಲಿಯ ಮೇಲೆ ಓಡಿದಂತಹ ಮೊರೆತ ಕೇಳಿಸಿತು. ಆಮೇಲೆ ಅದೂ ನಿಂತಿತು.

ಆ ದಿನ ಮರಳಿನಲ್ಲಿ ಐದು ಜನರಿದ್ದರು. ನಾಲ್ವರು ದಂಡೆ ಹತ್ತಿದರು. ಗುಡಿಸಲಿನಲ್ಲಿ ಮಲಗಿದ್ದ ಭರಮಪ್ಪ ಸಿಗಲೇ ಇಲ್ಲ.

ವಿಚಾರಣೆಗೆ ಬಂದ ಅಧಿಕಾರಿ, "ಮಷಿನ್ ಕೆಟ್ಟಿತ್ತೇನು?" ಎಂದು ಕೇಳಿದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇರಸಂಗಪ್ಪನ ನಾಲಿಗೆಯ ತುದಿಯವರೆಗೂ ಆ ಮಾತು ಬಂದಿತ್ತು. ಅವನು ಅದನ್ನು ನುಂಗಿಕೊಂಡು, ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಟ್ಟ. ಕೆಲಸ ಹೋಯಿತು.

ಹನ್ನೆರಡನೆಯ ದಿನ ಅವನು ದ್ಯಾಮವ್ವನ ಮನೆಯ ಹೊರಗೆ ನಿಂತ. ಅವಳು ಹೊಸ್ತಿಲಲ್ಲಿ ಕುಳಿತಿದ್ದಳು.

"ಅಣ್ಣಾರ, ಒಂದ್ ಕೇಳ್ತೀನಿ" ಎಂದಳು. "ಅವತ್ತು ನೀವು ಹೊಳಿ ನೋಡಿ ಹೇಳಿದ್ರ್ಯೋ, ಕಾಗದ ನೋಡಿ ಹೇಳಿದ್ರ್ಯೋ?"

"ಕಾಗದ ನೋಡಿ, ತಂಗಿ. ಅದೂ ಹಳೇ ಕಾಗದ. ಮುಗಿಯಾಕ ಬಂದೈತಿ ಅಂತ ನನಗ ಎರಡು ದಿನದಿಂದ ಗೊತ್ತಿತ್ತು."

ಅವನು ಕಾಲಿಗೆ ಬೀಳಲು ಬಗ್ಗಿದ. ಅವಳು ಕಾಲು ಹಿಂದೆ ಎಳೆದುಕೊಂಡಳು.

"ನಾ ಮ್ಯಾಲ ಹೋಗೂಣು ಅಂದಿದ್ದೆ. ನಿಮ್ಮ ಮಾತಿಗೆ ಕುಂತೆ. ಈಗ ನನಗ ಹೇಳಿದ್ರ ಏನ್ ಬಂತು? ನಿಮ್ಮ ಜಾಗಾದಾಗ ಯಾರು ಬಂದಾರೋ ಅವರಿಗೆ ಹೋಗಿ ಹೇಳ್ರಿ. ಇವತ್ತ ಹೋಗ್ರಿ."

ಇರಸಂಗಪ್ಪ ಅಲ್ಲಿಂದ ನೇರವಾಗಿ ಹೊಳೆಯ ದಂಡೆಯ ಆ ಕಟ್ಟಡದ ದಾರಿ ಹಿಡಿದ.

ನೀತಿ: ಎಚ್ಚರಿಕೆಯ ಗುರುತು ಕಂಡ ಮೇಲೆ ಉಳಿಯುವ ಸಮಯ ಸರಿಪಡಿಸಿಕೊಳ್ಳಲು ಸಿಕ್ಕಿದ್ದು. ಹತ್ತು ಸಲ ಏನೂ ಆಗಲಿಲ್ಲವೆಂದು ಅದನ್ನು ಕಡೆಗಣಿಸಬಾರದು. ನಮ್ಮ ಮಾತನ್ನು ನಂಬಿ ಕುಳಿತವರಿಗೆ "ಏನೂ ಇಲ್ಲ" ಎನ್ನುವ ಮೊದಲು, ನಾವು ನೋಡುತ್ತಿರುವುದು ಈಗಿನದೋ, ಆಗಲೇ ಕಳೆದುಹೋದದ್ದೋ ಎಂದು ಎದ್ದು ಹೋಗಿ ನೋಡಬೇಕು.